"ಅವರವರಿಗೆ ಅವರದ್ದು ಸರಿ" ಅನ್ನೋರ ಜೊತೆ ಜಗಳ ಆಡದೆ ಮಾತಾಡೋದು ಹೇಗೆ

ಹಾಸನದಲ್ಲಿ ಯಾರ ಮನೆ ಜಗಲಿ ಮೇಲೆ ಕೂತ್ರೂ, ಚಿಕ್ಕಮಗಳೂರು ಕಡೆ ಯಾವ ತೋಟದ ಮನೆಗೆ ಹೋದ್ರೂ, ಮಾತು ಜಾತಿ ಕಡೆಗೋ ಮದ್ವೆ ಕಡೆಗೋ ಹೊರಳಿ ಸ್ವಲ್ಪ ಬಿಸಿ ಆಯ್ತು ಅಂದ್ರೆ ಒಬ್ರಾದ್ರೂ ಹೇಳೇ ಹೇಳ್ತಾರೆ: "ಅಯ್ಯೋ ಬಿಡಿ ಸಾರ್, ಅವರವರಿಗೆ ಅವರದ್ದು ಸರಿ, ತಪ್ಪು ಅನ್ನೋಕೆ ನಾವ್ಯಾರು." ಕಾಲೇಜು ಹುಡುಗ್ರು ಇದನ್ನೇ "ಎಲ್ಲಾ ರಿಲೇಟಿವ್ ಬ್ರೋ" ಅಂತಾರೆ, ಫಿಲಾಸಫಿ ಓದಿದೋರು ನೈತಿಕ ಸಾಪೇಕ್ಷತಾವಾದ ಅಂತಾರೆ. ಈ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಆಗೋದು ಎರಡೇ. ಒಂದೋ ಎಲ್ರೂ ತಲೆ ಆಡಿಸಿ ಕಾಫಿ ಕುಡಿದು ಎದ್ದು ಹೋಗ್ತಾರೆ, ಇಲ್ಲಾ ಒಬ್ಬ ಬಿಸಿ ರಕ್ತದೋನು "ಹಾಗಾದ್ರೆ ಹಿಟ್ಲರ್ ಮಾಡಿದ್ದೂ ಸರಿನಾ?" ಅಂತ ಜೋರು ಮಾಡಿ ಮುಂದಿನ ಹಬ್ಬದವರೆಗೂ ಮಾತು ಬಿಡೋ ಹಾಗೆ ಮಾಡ್ತಾನೆ. ಎರಡರಿಂದಲೂ ಯಾರ ಯೋಚನೆಯೂ ಒಂದಿಂಚು ಅಲ್ಲಾಡಲ್ಲ. ಮೂರನೇ ದಾರಿ ಒಂದಿದೆ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಆ ದಾರಿ ಹೆಂಗೆ ಹಿಡಿಯೋದು ಅಂತ ಇಲ್ಲಿ ಬರೀತಿದ್ದೀನಿ.

ಮೊದಲು: ಯಾಕೆ ಹಾಗಂತಿದ್ದಾರೆ ಅಂತ ನೋಡಿ

ಒಂದೇ ವಾಕ್ಯನ ಬೇರೆ ಬೇರೆ ಜನ ಬೇರೆ ಬೇರೆ ಕಾರಣಕ್ಕೆ ಹೇಳ್ತಾರೆ. ದೊಡ್ಡಮ್ಮ "ಅವರವರಿಗೆ ಬಿಟ್ಟಿದ್ದು ಕಣಪ್ಪಾ" ಅಂದ್ರೆ ಬಹಳ ಸಲ ಅದರರ್ಥ "ಊಟದ ಹೊತ್ತಲ್ಲಿ ಜಗಳ ಬೇಡ" ಅಂತ, ಅಲ್ಲಿ ಫಿಲಾಸಫಿ ಏನೂ ಇಲ್ಲ. ಬೇರೆ ಜಾತಿಯೋರನ್ನ ಮದ್ವೆ ಆಗಿ ಊರೋರ ಬಾಯಿಗೆ ಸಿಕ್ಕಿ ಒದ್ದಾಡಿದ ಹುಡುಗಿ "ಸರಿ ತಪ್ಪು ಅಂತ ಏನೂ ಇಲ್ಲ" ಅಂದ್ರೆ ಅದು "ನನ್ನನ್ನ ಇನ್ನೂ ಅಳೀಬೇಡಿ, ಸಾಕಾಗಿದೆ" ಅನ್ನೋ ಮಾತು, ಅವಳಿಗೆ ನೀವು ಪ್ಲೇಟೋ ಹೇಳೋಕೆ ಹೋದ್ರೆ ನಿಮ್ಮಷ್ಟು ದಡ್ಡರು ಇಲ್ಲ. ಇನ್ನೊಬ್ಬ ಇರ್ತಾನೆ, ತನ್ನ ತೋಟದಲ್ಲಿ ತಾನೇ ಮಾಡಿದ ಅನ್ಯಾಯದ ಮೇಲೆ ಚಾಪೆ ಎಳೆಯೋಕೆ "ನಮ್ಮ ಕಡೆ ಪದ್ಧತಿ ಹಂಗೇ" ಅಂತಾನೆ. ಮತ್ತೆ ಕೆಲವರು ನಿಜವಾಗ್ಲೂ ಯೋಚ್ನೆ ಮಾಡಿ ಈ ತೀರ್ಮಾನಕ್ಕೆ ಬಂದಿರ್ತಾರೆ, ಅವರ ಜೊತೆ ಕೂತು ಮಾತಾಡೋದು ಒಂದು ಖುಷಿ.

ಯಾರು ಯಾವ ಗುಂಪು ಅಂತ ಗೊತ್ತಾಗೋಕೆ ಒಂದು ಪ್ರಶ್ನೆ ಸಾಕು: "ಯಾವ ವಿಷ್ಯ ಮನಸ್ಸಲ್ಲಿ ಇಟ್ಕೊಂಡು ಹೇಳ್ತಿದ್ದೀರಾ?" ಉತ್ತರದಲ್ಲಿ ಒಂದು ಘಟನೆ ಬರುತ್ತೆ, ಬಂದೇ ಬರುತ್ತೆ. ಆಮೇಲೆ ಆ ಘಟನೆ ಬಗ್ಗೆ ಮಾತಾಡಿ, ಇಡೀ ಜಗತ್ತಿನ ಸರಿ ತಪ್ಪಿನ ಬಗ್ಗೆ ಅಲ್ಲ.

ಎರಡು: ಒಂದೇ ಮಾತಲ್ಲಿ ಮೂರು ಮಾತು ಸೇರ್ಕೊಂಡಿದೆ, ಬಿಡಿಸಿ

ಒಂದನೇದು, ಬೇರೆ ಬೇರೆ ಕಡೆ ಬೇರೆ ಬೇರೆ ನೀತಿ ಇದೆ ಅನ್ನೋದು. ಇದು ಬರೀ ವರದಿ, ನಿಜನೂ ಹೌದು. ಎರಡನೇದು, ಆದ್ದರಿಂದ ಎಲ್ರಿಗೂ ಅನ್ವಯಿಸೋ ಸರಿ ತಪ್ಪು ಅನ್ನೋದೇ ಇಲ್ಲ ಅನ್ನೋದು. ಮೂರನೇದು, ಆದ್ದರಿಂದ ಯಾರೂ ಇನ್ನೊಬ್ಬರ ಪದ್ಧತಿಯನ್ನ ತಪ್ಪು ಅನ್ನಬಾರದು ಅನ್ನೋದು. ಮೊದಲನೇದನ್ನ ಧಾರಾಳವಾಗಿ ಒಪ್ಕೊಳ್ಳಿ, ಒಪ್ಕೊಂಡ್ರೆ ಎದುರಿನೋರ ಭುಜ ಸ್ವಲ್ಪ ಇಳಿಯುತ್ತೆ. ಉದಾಹರಣೆಗೆ ನಮ್ಮ ಕಡೆ ಸೋದರಮಾವನ್ನ ಮದ್ವೆ ಆಗೋದು ಅಜ್ಜಿ ಕಾಲದಿಂದ ನಡ್ಕೊಂಡು ಬಂದಿದ್ದು, ಉತ್ತರ ಭಾರತದೋರಿಗೆ ಇದು ಕೇಳೋಕೂ ಆಗಲ್ಲ. 1955ರ ಹಿಂದೂ ವಿವಾಹ ಕಾಯ್ದೆನೇ ಈ ಸಂಬಂಧ ನಿಷಿದ್ಧ ಅಂದು, ಜೊತೆಗೇ "ರೂಢಿ ಇದ್ರೆ ಪರವಾಗಿಲ್ಲ" ಅಂತ ಬಾಗಿಲು ತೆಗೆದಿಟ್ಟಿದೆ. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಪ್ರಸಂಗ ಹೇಳ್ತಾನೆ: ಪರ್ಷಿಯಾದ ರಾಜ ಡೇರಿಯಸ್ ಗ್ರೀಕರನ್ನ ಕರೆಸಿ, ಸತ್ತ ಅಪ್ಪನ ಹೆಣ ತಿನ್ನೋಕೆ ಎಷ್ಟು ದುಡ್ಡು ಬೇಕು ಅಂತ ಕೇಳಿದ, ಎಷ್ಟು ಕೊಟ್ರೂ ಆಗಲ್ಲ ಅಂದ್ರು. ಆಮೇಲೆ ಅಪ್ಪಂದಿರ ಹೆಣ ತಿನ್ನೋ ಪದ್ಧತಿ ಇದ್ದ ಕಲ್ಲಾಟಿಯರು ಅನ್ನೋ ಭಾರತದ ಕಡೆಯ ಜನರನ್ನ ಕರೆಸಿ, ಹೆಣ ಸುಡೋಕೆ ಎಷ್ಟು ಬೇಕು ಅಂದ, ಅವರು ಅಂಥ ಮಾತು ಆಡ್ಬೇಡಿ ಅಂತ ಕೂಗಿಕೊಂಡ್ರಂತೆ. ಪದ್ಧತಿಯೇ ಎಲ್ಲರ ದೊರೆ ಅಂತ ಹೆರೊಡೋಟಸ್ ಮುಗಿಸ್ತಾನೆ.

ಆದ್ರೆ ಮೊದಲನೇ ಮಾತಿಂದ ಎರಡನೇದಕ್ಕೆ ನೇರ ಹಾರೋಕೆ ಆಗಲ್ಲ, ಅಮೆರಿಕದ ತತ್ವಜ್ಞಾನಿ ಜೇಮ್ಸ್ ರೇಚಲ್ಸ್ ಇದನ್ನ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಮ್ಮ ಭಾಷೇಲಿ ಹೇಳ್ಬೇಕು ಅಂದ್ರೆ, ತೋಟದ ಗಡಿ ಎಲ್ಲಿದೆ ಅಂತ ಅಣ್ಣ ತಮ್ಮ ಹೊಡೆದಾಡ್ತಿದ್ದಾರೆ ಅಂದಮಾತ್ರಕ್ಕೆ ಗಡಿನೇ ಇಲ್ಲ ಅಂತ ಯಾರೂ ಹೇಳಲ್ಲ, ಹದ್ದುಬಸ್ತಿಗೆ ಅರ್ಜಿ ಹಾಕ್ತಾರೆ. ಹಂಗಂತ ಇಷ್ಟಕ್ಕೇ ನೀವು ಗೆದ್ರಿ ಅಂತಲ್ಲ. ಜಗಳ ಇದೆ ಅನ್ನೋದು ಗಡಿ ಇಲ್ಲ ಅನ್ನೋಕೆ ಸಾಕ್ಷಿ ಅಲ್ಲ, ಅಷ್ಟು ಮಾತ್ರ ಇದ್ರಿಂದ ಗೊತ್ತಾಗೋದು. ನೀತಿ ವಿಷ್ಯದಲ್ಲಿ ಸರ್ವೆ ನಕ್ಷೆ ಯಾರ ಆಫೀಸಲ್ಲಿದೆ ಅಂತ ಎದುರಿನೋರು ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆನೇ.

ಮೂರು: ವ್ಯತ್ಯಾಸ ಇರೋದು ನೀತೀಲೋ ಮಾಹಿತೀಲೋ?

ಇದು ಬಹಳ ಉಪಯೋಗಕ್ಕೆ ಬರೋ ಸ್ಟೆಪ್ಪು, ಜನ ಮಾತ್ರ ಮರೆತುಬಿಡ್ತಾರೆ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅಂತ ನಮ್ಮ ಹಳ್ಳಿ ಕಡೆ ಎಷ್ಟೋ ಅಜ್ಜಿಯರು ಇವತ್ತಿಗೂ ಹೇಳ್ತಾರೆ, ಹಾಲು ಕುಡಿಸೋ ತಾಯಿಗೆ ಬಾಯಾರಿಕೆ ಆದಷ್ಟೂ ನೀರು ಕೊಡಿ ಅಂತ ಆಸ್ಪತ್ರೇಲಿ ನರ್ಸಮ್ಮ ಹೇಳ್ತಾರೆ. ನೋಡಿದ್ರೆ ಎರಡು ಸಂಸ್ಕೃತಿಗಳ ಯುದ್ಧ ಅನ್ಸುತ್ತೆ, ಆದ್ರೆ ಇಬ್ಬರಿಗೂ ಬೇಕಾಗಿರೋದು ಒಂದೇ, ತಾಯಿ ಮಗು ಚೆನ್ನಾಗಿರಬೇಕು. ಅಜ್ಜಿ ಕೆಟ್ಟವಳಲ್ಲ, ಅವಳಿಗಿರೋ ಮಾಹಿತಿ ತಪ್ಪು, ನೀರು ಕೊಟ್ರೆ ಹೊಟ್ಟೆ ದಪ್ಪ ಆಗುತ್ತೆ ಮಗುಗೆ ಶೀತ ಆಗುತ್ತೆ ಅಂತ ಅವಳು ನಿಜವಾಗ್ಲೂ ನಂಬಿದ್ದಾಳೆ. ಸೋದರಮಾವನ ವಿಷ್ಯದಲ್ಲೂ ಹಂಗೇ, ಹತ್ತಿರದ ರಕ್ತಸಂಬಂಧದಲ್ಲಿ ಮದ್ವೆ ಆದ್ರೆ ಕೆಲವು ಅನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತೆ ಅನ್ನೋದು ವೈದ್ಯಕೀಯದ ಮಾತು. ಅದನ್ನ "ಛೀ ನಿಮ್ಮ ಪದ್ಧತಿ" ಅನ್ನದೆ ಹೇಳೋಕೆ ಬರುತ್ತೆ, ಹೇಳಬೇಕು ಕೂಡ. ಡೇರಿಯಸ್ ಕತೆಯನ್ನೂ ಇದೇ ಕಣ್ಣಲ್ಲಿ ಇನ್ನೊಂದು ಸಲ ನೋಡಿ, ಸುಟ್ಟವರೂ ತಿಂದವರೂ ಸತ್ತ ಅಪ್ಪನಿಗೆ ಮರ್ಯಾದೆ ಕೊಡಬೇಕು ಅನ್ನೋದ್ರಲ್ಲಿ ಒಂದೇ.

ಎಲ್ಲಾ ಜಗಳನೂ ಹಿಂಗೆ ಕರಗಲ್ಲ, ಸುಳ್ಳು ಭರವಸೆ ಕೊಡಲ್ಲ. ಆದ್ರೆ ಒಂದಷ್ಟು ಇಲ್ಲೇ ಮುಗಿಯುತ್ತೆ, ಉಳಿದಿದ್ದು ನಿಜವಾದ ಭಿನ್ನಾಭಿಪ್ರಾಯ ಅಂತ ಗೊತ್ತಾಗುತ್ತೆ.

ನಾಲ್ಕು: "ಅವರ ಸಂಸ್ಕೃತಿ" ಅಂದಾಗ ಅವರು ಅಂದ್ರೆ ಯಾರು ಅಂತ ಕೇಳಿ

ನನ್ನ ಪ್ರಕಾರ ಎಲ್ಲಾ ಸ್ಟೆಪ್ಪಿಗಿಂತ ಮುಖ್ಯವಾದ್ದು ಇದು. ಒಂದು ಊರು, ಒಂದು ಜಾತಿ, ಒಂದು ದೇಶ ಅಂದ್ರೆ ಒಂದೇ ಬಾಯಲ್ಲಿ ಮಾತಾಡೋ ಮನುಷ್ಯ ಅಲ್ಲ. ಯಾವ ಪದ್ಧತಿ ಒಳಗಡೆಯೂ ಅದು ಬೇಡ ಅನ್ನೋರು ಇರ್ತಾರೆ, ಅವರ ಧ್ವನಿ ಸಣ್ಣದಿರುತ್ತೆ ಅಷ್ಟೇ. "ಅವರ ಸಂಸ್ಕೃತಿ ಅವರಿಗೆ" ಅನ್ನೋರು ಸಾಮಾನ್ಯವಾಗಿ ಆ ಸಂಸ್ಕೃತೀಲಿ ಜೋರು ಬಾಯಿ ಇರೋರ ಮಾತನ್ನೇ ಎಲ್ಲರ ಮಾತು ಅಂದ್ಕೊಂಡಿರ್ತಾರೆ. ಅದು ಗೌರವ ಥರ ಕಾಣುತ್ತೆ, ಆದ್ರೆ ಒಳಗೇ ಒದ್ದಾಡ್ತಿರೋ ವ್ಯಕ್ತಿಗೆ ಅದು ಬಾಗಿಲು ಹಾಕಿದ ಹಾಗೆ.

ತೋಟದ ಮನೆಗಳಲ್ಲಿ ಇರೋ ಲೋಟದ ವಿಷ್ಯನೇ ತಗೊಳ್ಳಿ. ಎಲ್ಲಾ ಕಡೆ ಅಂತಲ್ಲ, ಆದ್ರೆ ಲೈನ್ ಮನೆಯಿಂದ, ಅಂದ್ರೆ ತೋಟದ ಕೂಲಿಯೋರ ಸಾಲುಮನೆಯಿಂದ, ಕೆಲ್ಸಕ್ಕೆ ಬರೋರಿಗೆ ಹಿತ್ತಿಲಲ್ಲಿ ಬೇರೆ ಲೋಟ ಇಡೋದು ಪೂರ್ತಿ ಹೋಗಿದೆ ಅಂತ ಯಾರಾದ್ರೂ ಎದೆ ಮುಟ್ಕೊಂಡು ಹೇಳ್ಲಿ ನೋಡೋಣ. ಮಾತು ಹೆಂಗೆ ಹೋಗುತ್ತೆ ಅಂದ್ರೆ:

"ಚಿಕ್ಕಪ್ಪ, ಈ ಲೋಟ ಬೇರೆ ಯಾಕೆ?"

"ಅದು ಮುಂಚಿಂದ ಬಂದಿರೋದು ಕಣೋ, ಅವರಿಗೂ ಅದೇ ಅಭ್ಯಾಸ, ಅವರೇನೂ ಅಂದ್ಕೊಳ್ಳಲ್ಲ."

"ಕೇಳಿದ್ದೀರಾ?"

"ಕೇಳೋದೇನು, ಇಷ್ಟು ವರ್ಷದಲ್ಲಿ ಒಬ್ರೂ ತುಟಿ ಬಿಚ್ಚಿಲ್ಲ."

"ಬಿಚ್ಚಿದ್ರೆ ಮಾರನೇ ದಿನ ಕೆಲ್ಸ ಇರ್ತಿತ್ತಾ ಚಿಕ್ಕಪ್ಪ?"

ಇಲ್ಲಿಗೆ ನಿಲ್ಲಿಸಿ. ಸಂವಿಧಾನದ ಆರ್ಟಿಕಲ್ 17 ಅಸ್ಪೃಶ್ಯತೆ ನಿಷೇಧಿಸಿದೆ, ಅದಕ್ಕೆ 1955ರಲ್ಲೇ ಕಾಯ್ದೆ ಬಂದಿದೆ ಅಂತ ಅದೇ ಉಸಿರಲ್ಲಿ ಹೇಳೋಕೆ ಹೋಗ್ಬೇಡಿ, ಅದು ನಿಜ, ಆದ್ರೆ ಚಿಕ್ಕಪ್ಪನ ಮುಖ ಮುಚ್ಕೊಳ್ಳುತ್ತೆ. ಪ್ರಶ್ನೆ ಒಳಗಿಳೀಲಿ. ಅವರು "ಇಲ್ಲ ಬಿಡು" ಅಂತ ಎದ್ದು ಹೋದ್ರೂ ಪರವಾಗಿಲ್ಲ.

ಈ ಸ್ಟೆಪ್ಪಿಗೆ ದೊಡ್ಡ ಮಟ್ಟದ ಉದಾಹರಣೆನೂ ಇದೆ. 1947ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ತಯಾರು ಮಾಡ್ತಿದ್ದಾಗ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ಒಂದು ಹೇಳಿಕೆ ಕಳಿಸ್ತು, ಒಂದು ಸಂಸ್ಕೃತಿಯ ಮೌಲ್ಯನ ಎಲ್ಲರ ಮೇಲೆ ಹೊರಿಸಬೇಡಿ ಅನ್ನೋದು ಅದರ ಸಾರಾಂಶ, ಅದರ ಹಿಂದೆ ಇದ್ದೋರು ಮೆಲ್ವಿಲ್ ಹರ್ಸ್ಕೋವಿಟ್ಸ್. ಅವರ ಉದ್ದೇಶ ಕೆಟ್ಟದ್ದಲ್ಲ, ಇದನ್ನ ಒತ್ತಿ ಹೇಳ್ಬೇಕು. ಬಿಳಿಯರೇ ಮುಂದುವರಿದೋರು ಮಿಕ್ಕೋರೆಲ್ಲ ಕಾಡುಜನ ಅನ್ನೋ ಕಾಲದಲ್ಲಿ ಫ್ರಾನ್ಜ್ ಬೋವಾಸ್, ರುತ್ ಬೆನೆಡಿಕ್ಟ್ ಥರದ ಮಾನವಶಾಸ್ತ್ರಜ್ಞರು ಪ್ರತಿ ಸಮಾಜವನ್ನೂ ಅದರ ಒಳಗಿಂದ ಅರ್ಥ ಮಾಡ್ಕೊಳ್ಳಿ ಅಂದಿದ್ದು ಧೈರ್ಯದ ಕೆಲ್ಸ, ಸಾಪೇಕ್ಷತಾವಾದದ ಒಳ್ಳೇ ಮುಖ ಅದು, ವಸಾಹತು ದರ್ಪಕ್ಕೆ ಕೊಟ್ಟ ಉತ್ತರ. ಆದ್ರೆ ಅದೇ ಹೊತ್ತಲ್ಲಿ, ಆ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿ ಕೂತಿದ್ದ ಹಂಸಾ ಮೆಹ್ತಾ ಏನು ಮಾಡಿದ್ರು ಗೊತ್ತಾ? ಮೊದಲನೇ ವಿಧಿಯಲ್ಲಿ ಎಲ್ಲಾ ಪುರುಷರು ಸಮಾನರಾಗಿ ಹುಟ್ತಾರೆ ಅನ್ನೋ ಅರ್ಥ ಬರೋ ಹಾಗಿದ್ದ ವಾಕ್ಯವನ್ನ ಎಲ್ಲಾ ಮಾನವರು ಅಂತ ಬದಲಾಯಿಸೋಕೆ ಪಟ್ಟು ಹಿಡಿದ್ರು, ಬದಲಾಯ್ತು. 1948ರ ಡಿಸೆಂಬರ್ 10ರಂದು ಘೋಷಣೆ ಪಾಸಾದಾಗ 48 ದೇಶ ಪರ, 8 ದೇಶ ತಟಸ್ಥ, ವಿರೋಧ ಒಂದೂ ಇಲ್ಲ. ಪೂರ್ವದೋರ ಪರವಾಗಿ ಅಮೆರಿಕದ ವಿದ್ವಾಂಸರು ಆತಂಕ ಪಡ್ತಿದ್ದಾಗ ಪೂರ್ವದ ಒಬ್ಬ ಹೆಂಗಸು ಇನ್ನೂ ಅಗಲವಾದ ಹಕ್ಕು ಬೇಕು ಅಂತ ಜಗಳ ಆಡ್ತಿದ್ರು! ಅದೇ ಮಾನವಶಾಸ್ತ್ರಜ್ಞರ ಸಂಘ 1999ರಲ್ಲಿ ಮಾನವ ಹಕ್ಕುಗಳ ಪರವಾಗಿ ಹೊಸ ಘೋಷಣೆ ಹೊರಡಿಸ್ತು.

"ಇದೆಲ್ಲ ವೆಸ್ಟರ್ನ್ ಐಡಿಯಾ" ಅನ್ನೋರಿಗೂ ಉತ್ತರ ಇಲ್ಲೇ ಇದೆ. ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹ ತಡೆಯೋ ಶಾರದಾ ಕಾಯ್ದೆ ಬಂದಿದ್ದು 1929ರಲ್ಲಿ. ನಮ್ಮ ಮೈಸೂರು ಸಂಸ್ಥಾನ, ಅಂದ್ರೆ ಆಗಿನ ಹಾಸನ, ಕಡೂರು (ಈಗಿನ ಚಿಕ್ಕಮಗಳೂರು) ಜಿಲ್ಲೆಗಳೂ ಸೇರಿದ ಸಂಸ್ಥಾನ, 1894ರಲ್ಲೇ ಎಂಟು ವರ್ಷಕ್ಕಿಂತ ಚಿಕ್ಕ ಹೆಣ್ಣುಮಕ್ಕಳ ಮದ್ವೆ ನಿಷೇಧಿಸ್ತು. ಎಂಟು ವರ್ಷ ಅಂದ್ರೆ ಇವತ್ತಿಗೆ ನಗು ಬರುತ್ತೆ, ಅಳುನೂ ಬರುತ್ತೆ, ಆದ್ರೆ ಅದಕ್ಕೂ ಪರ ವಿರೋಧ ಎರಡೂ ಇತ್ತು, ಎರಡು ಕಡೆಯೂ ನಮ್ಮೋರೇ. ಹನ್ನೆರಡನೇ ಶತಮಾನದ ಶರಣರು ಜಾತಿ ಪ್ರಶ್ನೆ ಎತ್ತಿದಾಗ ಅವರ ಹತ್ರ ಯುರೋಪಿನ ಪುಸ್ತಕ ಇರ್ಲಿಲ್ಲ. "ಸಂಸ್ಕೃತಿ ಹೇಳಿದ್ದೇ ಸರಿ" ಅನ್ನೋದಾದ್ರೆ ಬಸವಣ್ಣನೂ ಅಂಬೇಡ್ಕರರೂ ತಮ್ಮ ಕಾಲಕ್ಕೆ ತಪ್ಪು ಮಾಡಿದ್ರು ಅನ್ಬೇಕಾಗುತ್ತೆ, ಯಾಕಂದ್ರೆ ಅವರು ಸುತ್ತಲಿನ ರೂಢಿಗೆ ವಿರುದ್ಧ ನಿಂತೋರು. ಇದನ್ನ ಎದುರಿನೋರ ಮುಂದೆ ಮೆತ್ತಗೆ ಇಡಿ, ಬಹಳ ಜನ ಇಲ್ಲಿ ಸ್ವಲ್ಪ ಹೊತ್ತು ಸುಮ್ನಾಗ್ತಾರೆ.

ಐದು: ತರ್ಕದ ಪಟ್ಟು ಹಾಕೋ ಮುಂಚೆ ಎರಡು ಸಲ ಯೋಚ್ನೆ ಮಾಡಿ

"ಎಲ್ಲಾ ರಿಲೇಟಿವ್ ಅಂದ್ರೆ ನಿನ್ನ ಈ ಮಾತೂ ರಿಲೇಟಿವ್ ಅಲ್ವಾ" ಅಂತ ಒಂದು ಪಟ್ಟಿದೆ, ಪ್ಲೇಟೋ ಕಾಲದಿಂದ ಬಂದಿದ್ದು, ಪ್ರೊಟಾಗೊರಸ್ ಅನ್ನೋ ಗ್ರೀಕ್ ಚಿಂತಕನ ಮೇಲೆ ಹಾಕಿದ್ದು. ಅದು ಎಲ್ಲರ ಮೇಲೂ ಕೆಲ್ಸ ಮಾಡಲ್ಲ. ಕೆಲ್ಸ ಮಾಡೋದು ಮೂರನೇ ಮಾತಿನ ಮೇಲೆ: "ಎಲ್ಲಾ ನೀತಿಯೂ ಆಯಾ ಸಮಾಜಕ್ಕೆ ಮಾತ್ರ ಸೀಮಿತ, ಆದ್ದರಿಂದ ಯಾರೂ ಇನ್ನೊಬ್ಬರನ್ನ ಟೀಕಿಸಬಾರದು." ಈ ಬಾರದು ಯಾವ ಸಮಾಜದ್ದು? ಎಲ್ರಿಗೂ ಅನ್ವಯಿಸೋ ನಿಯಮ ಇಲ್ಲ ಅಂತ ಹೇಳಿ ಅದೇ ಬಾಯಲ್ಲಿ ಎಲ್ರಿಗೂ ಒಂದು ನಿಯಮ ಹಾಕಿದ ಹಾಗಾಯ್ತು. ಬ್ರಿಟಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1972ರಲ್ಲಿ ಈ ಗಂಟನ್ನೇ ತೋರಿಸಿದ್ರು. ಸಹನೆ ಅನ್ನೋದು ಒಂದು ಮೌಲ್ಯ, ಅದನ್ನ ಸಾಪೇಕ್ಷತಾವಾದದಿಂದ ಹಿಂಡಿ ತೆಗೆಯೋಕೆ ಆಗಲ್ಲ, ಅಸಹನೆಯೇ ಪದ್ಧತಿ ಆಗಿರೋ ಸಮಾಜಕ್ಕೆ ಆಗ ಏನು ಹೇಳ್ತೀರಾ?

ಆದ್ರೆ ಗಟ್ಟಿ ಸಾಪೇಕ್ಷತಾವಾದಿಗಳು ಇದ್ದಾರೆ, ಗಿಲ್ಬರ್ಟ್ ಹಾರ್ಮನ್, ಡೇವಿಡ್ ವಾಂಗ್ ಥರದೋರು, ಅವರು ಈ ಮೂರನೇ ಮಾತನ್ನ ಹಂಗೆ ಸುಮ್ನೆ ಹೇಳೋದೇ ಇಲ್ಲ. ವಾಂಗ್ ಅಂತೂ ಸರಿಯಾದ ನೀತಿವ್ಯವಸ್ಥೆ ಒಂದಕ್ಕಿಂತ ಹೆಚ್ಚು ಇರ್ಬಹುದು, ಆದ್ರೆ ಎಲ್ಲಾ ವ್ಯವಸ್ಥೆಯೂ ಸರಿ ಅಲ್ಲ, ಮನುಷ್ಯರು ಒಟ್ಟಿಗೆ ಬಾಳೋಕೆ ಸಹಾಯ ಮಾಡದೇ ಇರೋದು ಸೋಲುತ್ತೆ ಅನ್ನೋ ದಾರೀಲಿ ಹೋಗ್ತಾರೆ. ನಿಮ್ಮ ಎದುರು ಕೂತಿರೋ ಹುಡುಗ ಇಷ್ಟು ದೂರ ಯೋಚ್ನೆ ಮಾಡಿದ್ರೆ ಅವನ ಮೇಲೆ ಪ್ಲೇಟೋ ಪಟ್ಟು ಹಾಕ್ಬೇಡಿ, ಇನ್ನೊಂದು ಕಾಫಿ ಹೇಳಿ.

ಆರು: ಶ್ರವಣಬೆಳಗೊಳಕ್ಕೆ ಒಂದ್ಸಲ ಹೋಗಿ ಬನ್ನಿ, ತಲೇಲಾದ್ರೂ

ನಮ್ಮ ಜಿಲ್ಲೇಲಿ ಈ ಮಾತು ಬಂದ್ರೆ ಜೈನರ ಅನೇಕಾಂತವಾದ ಬರದೇ ಇರಲ್ಲ. ಸತ್ಯಕ್ಕೆ ಹಲವು ಮುಖ, ಒಬ್ಬನ ಮಾತು ಒಂದು ಕೋನದಿಂದ ಮಾತ್ರ ನಿಜ, ನೋಡಿ ನಮ್ಮ ಹಿರಿಯರೇ ಎಲ್ಲಾ ರಿಲೇಟಿವ್ ಅಂದಿದ್ದಾರೆ ಅಂತಾರೆ. ಅರ್ಧ ಸರಿ. ವಸ್ತುವಿನ ಬಗ್ಗೆ ಏಕಪಕ್ಷೀಯವಾಗಿ ಮಾತಾಡ್ಬೇಡಿ ಅನ್ನೋದು ಹೌದು, ಆದ್ರೆ ಅದೇ ಜೈನರಿಗೆ ಅಹಿಂಸೆ "ನಿಮ್ಮ ಕೋನ ನಮ್ಮ ಕೋನ" ಅನ್ನೋ ವಿಷ್ಯವೇ ಅಲ್ಲ, ಮುನಿಗಳಿಗೆ ಅದು ಮಹಾವ್ರತಗಳಲ್ಲಿ ಮೊದಲನೇದು. ಚಾವುಂಡರಾಯ 981ರ ಸುಮಾರಿಗೆ ವಿಂಧ್ಯಗಿರಿ ಮೇಲೆ ನಿಲ್ಲಿಸಿದ ಆ ಮೂರ್ತಿ ಯಾರದ್ದು ನೆನಪಿಸ್ಕೊಳ್ಳಿ, ಅಣ್ಣನ ಮೇಲೆ ಗೆದ್ದೂ ರಾಜ್ಯ ಬಿಟ್ಟ ಬಾಹುಬಲಿದು. ಹಲವು ಕೋನದಿಂದ ನೋಡೋದು ಬೇರೆ, ಯಾವುದೂ ತಪ್ಪಲ್ಲ ಅನ್ನೋದು ಬೇರೆ. ಎರಡನ್ನೂ ಒಟ್ಟಿಗೆ ಹಿಡ್ಕೊಂಡು ಸಾವಿರಾರು ವರ್ಷ ನಡೆದಿರೋ ಸಂಪ್ರದಾಯ ಬಸ್ಸಲ್ಲಿ ಹೋಗೋ ದೂರದಲ್ಲೇ ಇದೆ.

ಪಕ್ಕದ ಚಂದ್ರಗಿರಿ ಮಾತ್ರ ಯಾರಿಗೂ ಸುಲಭದ ಉತ್ತರ ಕೊಡಲ್ಲ. ಅಲ್ಲಿನ ಶಾಸನಗಳಲ್ಲಿ ಎಷ್ಟೋ, ಸಲ್ಲೇಖನ ತಗೊಂಡು ಆಹಾರ ಬಿಟ್ಟು ದೇಹ ಬಿಟ್ಟೋರ ನೆನಪಿಗೆ ಹಾಕ್ಸಿದ್ದು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದು ಆತ್ಮಹತ್ಯೆಗೆ ಸಮ, ಶಿಕ್ಷಾರ್ಹ ಅಂದ್ತು, ಅದೇ ತಿಂಗಳು 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು. ಇಂಥ ವಿಷ್ಯ ಬಂದಾಗ "ತಪ್ಪು" ಅಂತಲೋ "ಅವರ ಧರ್ಮ ಬಿಡಿ" ಅಂತಲೋ ಒಂದೇ ಮಾತಲ್ಲಿ ಮುಗಿಸ್ಬೇಡಿ, ನಾಲ್ಕನೇ ಸ್ಟೆಪ್ಪಿನ ಪ್ರಶ್ನೆನೇ ತನ್ನಿ: ನಿರ್ಧಾರ ಆ ವ್ಯಕ್ತಿದೇನಾ, ಮನೆಯೋರ ಒತ್ತಡ ಇದ್ಯಾ, ಮಧ್ಯದಲ್ಲಿ ಬೇಡ ಅನ್ನಿಸಿದ್ರೆ ಹಿಂದೆ ಬರೋಕೆ ಜಾಗ ಇದ್ಯಾ. ಸಂಪ್ರದಾಯವೂ ಈ ಬಗ್ಗೆ ತಲೆ ಕೆಡಿಸ್ಕೊಂಡಿದೆ. ಪಾರಾಗೋಕೆ ಆಗದ ಆಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ ಇದ್ದಾಗ ಮಾತ್ರ ಅಂತ ಸಮಂತಭದ್ರಾಚಾರ್ಯರು ಹಾಕಿರೋ ಷರತ್ತು ಅದಕ್ಕೇ. ಇಷ್ಟೆಲ್ಲಾ ಕೇಳಿದ ಮೇಲೂ ಇಬ್ಬರು ಒಳ್ಳೆಯವರು ಎರಡು ಕಡೆ ನಿಲ್ಲಬಹುದು. ಅಲ್ಲಿ "ನನಗೆ ಇನ್ನೂ ಗೊತ್ತಾಗಿಲ್ಲ" ಅನ್ನೋಕೆ ನಾಚ್ಕೋಬೇಡಿ, ಒಂದು ಪ್ರಶ್ನೆ ಕಷ್ಟ ಅಂದಮಾತ್ರಕ್ಕೆ ಎಲ್ಲಾ ಪ್ರಶ್ನೆಗೂ ಉತ್ತರ ಇಲ್ಲ ಅಂತೇನಿಲ್ಲವಲ್ಲ.

ಏಳು: ಎಲ್ಲಿ, ಯಾವಾಗ, ಯಾವ ದನಿಯಲ್ಲಿ

ಬೀಗರೂಟದಲ್ಲಿ ಬೇಡ, ತಿಥಿ ಮನೇಲಿ ಬೇಡ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಂತೂ ಬೇಡವೇ ಬೇಡ, ಹತ್ತು ಜನ ನೋಡ್ತಿರುವಾಗ ಯಾವ ಹಿರಿಯರೂ ಮನಸ್ಸು ಬದಲಾಯಿಸಲ್ಲ. ಒಬ್ಬರೇ ಸಿಕ್ಕಾಗ ಮಾತಾಡಿ, ತೋಟ ಸುತ್ತುವಾಗ ಆದ್ರೆ ಇನ್ನೂ ಒಳ್ಳೇದು, ಮುಖ ಮುಖ ನೋಡ್ಕೊಂಡು ಕೂರಬೇಕಾಗಿಲ್ಲ. ನೀವು ಹೊರಗಿನೋರಾಗಿದ್ದು ಇನ್ನೊಬ್ಬರ ಪದ್ಧತಿ ಬಗ್ಗೆ ಮಾತಾಡ್ತಿದ್ರೆ ಮೊದಲು ನಿಮ್ಮ ಮನೆಯ ಒಂದು ಕೊಳಕು ಪದ್ಧತಿ ಹೆಸರಿಸಿ ಶುರು ಮಾಡಿ. ಮಾರಿಹಬ್ಬದ ಕುರಿ ಬಗ್ಗೆ ಭಾಷಣ ಮಾಡೋ ಸಸ್ಯಾಹಾರಿ ತನ್ನ ಮನೆಯ ಪಂಕ್ತಿಭೇದದ ಬಗ್ಗೆ ತುಟಿ ಬಿಚ್ಚದಿದ್ರೆ ಅವನ ಮಾತು ಯಾರು ಕೇಳ್ತಾರೆ?

ಕೊನೇದು: ಮಾತು ಬೇಡ, ಫೋನ್ ಮಾಡಿ

ಮೇಲಿನ ಎಲ್ಲಾ ಸ್ಟೆಪ್ಪೂ ಮಾತಾಡೋಕೆ ಟೈಮ್ ಇದ್ದಾಗ. ಹೈಸ್ಕೂಲ್ ಹುಡುಗಿಗೆ ಮುಂದಿನ ವಾರ ಮದ್ವೆ ಅಂತ ಗೊತ್ತಾಗಿ, ಕೇಳಿದ್ರೆ "ನಮ್ಮ ಕಡೆ ಹಿಂಗೇ" ಅಂದ್ರೆ ಅಲ್ಲಿ ಕೂತು ಹೆರೊಡೋಟಸ್ ಹೇಳ್ಬೇಡಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು, ಕರ್ನಾಟಕದ ತಿದ್ದುಪಡಿ ಪ್ರಕಾರ ಅಂಥ ಮದ್ವೆ ಮೊದಲಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098. ಮದ್ವೆ ದಿನ, ಊರು, ಛತ್ರ ಅಥವಾ ದೇವಸ್ಥಾನದ ಹೆಸರು, ಹುಡುಗಿ ಓದೋ ಶಾಲೆ, ಇಷ್ಟನ್ನ ಫೋನ್ ಮಾಡೋ ಮುಂಚೆ ಒಂದು ಚೀಟೀಲಿ ಬರ್ದು ಇಟ್ಕೊಳ್ಳಿ. ಆ ಮನೆಯೋರ ಜೊತೆ ಪದ್ಧತಿ ಬಗ್ಗೆ ಮಾತಾಡೋದು ಆಮೇಲೂ ಇರುತ್ತೆ, ಹುಡುಗಿ ಸೋಮವಾರ ಸ್ಕೂಲಿಗೆ ಹೋಗ್ಲಿ ಮೊದಲು.